ಮೈಸೂರಿನಿಂದ ಹಿಮನದಿಯವರೆಗೆ: ಕೆನಡಾದ ಬೆಟ್ಟದ ರಸ್ತೆ ಪ್ರವಾಸಕ್ಕೆ ತಯಾರಾಗುವುದು ಹೇಗೆ?

ಮೈಸೂರು, ಮಂಡ್ಯ ಕಡೆಯ ಎಷ್ಟೋ ಮನೆಗಳ ಮಗನೋ ಮಗಳೋ ಈಗ ಕೆನಡಾದಲ್ಲಿದ್ದಾರೆ. ಬೇಸಿಗೆಯಲ್ಲಿ ಅಪ್ಪ ಅಮ್ಮ ಹೋಗಿ ಒಂದೆರಡು ತಿಂಗಳು ಇದ್ದು ಬರುವುದು ಮಾಮೂಲಾಗಿದೆ. ಹೋದವರು ನಯಾಗರಾ ನೋಡುತ್ತಾರೆ, ದೇವಸ್ಥಾನ ನೋಡುತ್ತಾರೆ, ವಾಪಸ್ ಬರುತ್ತಾರೆ. ದೇಶದ ಪಶ್ಚಿಮಕ್ಕಿರುವ ಆಲ್ಬರ್ಟಾ ಪ್ರಾಂತ್ಯದ ಬೆಟ್ಟದ ರಸ್ತೆ ಮಾತ್ರ ತಪ್ಪಿಹೋಗುತ್ತದೆ. "ಆ ಚಳಿ, ಆ ಹಿಮ, ನಮ್ಮ ಕೈಲಾಗುತ್ತಾ?" ಅನ್ನುವ ಅಳುಕೇ ಇದಕ್ಕೆ ಕಾರಣ.

ಆಗುತ್ತದೆ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಇಳಿಯಬಲ್ಲವರು, ಬಂಡೀಪುರದ ರಸ್ತೆಯಲ್ಲಿ ಶಿಸ್ತಾಗಿ ಗಾಡಿ ಓಡಿಸಬಲ್ಲವರು ಅರ್ಧ ತಯಾರಾದಂತೆಯೇ. ಉಳಿದ ಅರ್ಧ ಇಲ್ಲಿದೆ.

ನಾನು ಹೇಳುತ್ತಿರುವುದು ಐಸ್‌ಫೀಲ್ಡ್ಸ್ ಪಾರ್ಕ್‌ವೇ ಎಂಬ ರಸ್ತೆಯ ಬಗ್ಗೆ. ಲೇಕ್ ಲೂಯೀಸ್ ಎಂಬ ಪುಟ್ಟ ಊರಿನಿಂದ ಜಾಸ್ಪರ್ ಪಟ್ಟಣದವರೆಗೆ ಸುಮಾರು 230 ಕಿಲೋಮೀಟರ್. ಪೂರ್ತಿ ದಾರಿ ಎರಡು ರಾಷ್ಟ್ರೀಯ ಉದ್ಯಾನಗಳ ಒಳಗೇ ಸಾಗುತ್ತದೆ. 1885ರಲ್ಲಿ ಶುರುವಾದ ಬ್ಯಾನ್ಫ್ ಕೆನಡಾದ ಮೊದಲ ರಾಷ್ಟ್ರೀಯ ಉದ್ಯಾನ. ಜಾಸ್ಪರ್ 1907ರದ್ದು. ಇವೆರಡರ ಗಡಿಯ ಹತ್ತಿರವೇ ಅಥಾಬಾಸ್ಕಾ ಹಿಮನದಿ ಇದೆ. ರಸ್ತೆ ಬದಿಯಿಂದಲೇ ಕಾಣುತ್ತದೆ.

ಮೊದಲು ತಿಂಗಳು ಗೊತ್ತು ಮಾಡಿಕೊಳ್ಳಿ

ಜೂನ್ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗೆ ಹೋಗಬಹುದು. ಮೇ ತಿಂಗಳಲ್ಲಿ ನಮಗೆ ರಜೆ ಇರುತ್ತದೆ ನಿಜ, ಆದರೆ ಆಗ ಅಲ್ಲಿನ ಎತ್ತರದ ಸರೋವರಗಳು ಇನ್ನೂ ಹೆಪ್ಪುಗಟ್ಟಿರುತ್ತವೆ. ಫೋಟೋಗಳಲ್ಲಿ ನೋಡಿದ ಆ ನೀಲಿ ಬಣ್ಣ ಸಿಗುವುದು ಜುಲೈ, ಆಗಸ್ಟಿನಲ್ಲಿ. ಅದೇ ಹೊತ್ತಿಗೆ ಜನವೂ ಜಾಸ್ತಿ, ಕಾಳ್ಗಿಚ್ಚಿನ ಹೊಗೆಯೂ ಬರಬಹುದು. 2024ರ ಜುಲೈನಲ್ಲಿ ಬಂದ ಕಾಳ್ಗಿಚ್ಚಿಗೆ ಜಾಸ್ಪರ್ ಪಟ್ಟಣದ ಸುಮಾರು ಮೂರನೇ ಒಂದು ಭಾಗ ಸುಟ್ಟುಹೋಯಿತು. ಹಾಗಾಗಿ ಅಲ್ಲಿ ರೂಮು ಹುಡುಕುವಾಗ ಬೇಗನೇ ಹುಡುಕಿ.

ನನ್ನನ್ನು ಕೇಳಿದರೆ ಸೆಪ್ಟೆಂಬರ್ ಮೊದಲ ಎರಡು ವಾರ. ಗಲಾಟೆ ಕಡಿಮೆ, ಸೊಳ್ಳೆ ಕಡಿಮೆ, ಪ್ರಾಣಿಗಳು ಚುರುಕಾಗಿ ಓಡಾಡುತ್ತಿರುತ್ತವೆ.

ಕಾಗದಪತ್ರ

ಇದನ್ನು ಬೇಗ ಮುಗಿಸೋಣ. ವಿಸಿಟರ್ ವೀಸಾ ಬೇಕು. ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಿ ಬರಬೇಕು. ಬೇಸಿಗೆಗೆ ಹೋಗುವುದಾದರೆ ಚಳಿಗಾಲದಲ್ಲೇ ಅರ್ಜಿ ಹಾಕಿ. ಗಾಡಿ ಓಡಿಸುವವರು ನಮ್ಮ ಡಿಎಲ್ ಜೊತೆಗೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಳ್ಳಿ. ಮೈಸೂರಿನವರಿಗೆ ಮೈಸೂರಿನ ಆರ್‌ಟಿಒ, ಮಂಡ್ಯದವರಿಗೆ ಮಂಡ್ಯದ್ದು. ಡಿಎಲ್ ಮತ್ತು ಪರ್ಮಿಟ್ ಎರಡೂ ಜೇಬಿನಲ್ಲಿರಲಿ. ಬಾಡಿಗೆ ಕಾರಿಗೆ ಓಡಿಸುವವರ ಹೆಸರಿನಲ್ಲೇ ಕ್ರೆಡಿಟ್ ಕಾರ್ಡ್ ಕೇಳುತ್ತಾರೆ.

ಟ್ರಾವೆಲ್ ಇನ್ಶೂರೆನ್ಸ್ ಇಲ್ಲದೆ ಮಾತ್ರ ಹೊರಡಬೇಡಿ. ಅಲ್ಲಿ ಆಸ್ಪತ್ರೆ ಖರ್ಚು ವಿಪರೀತ. ಹಿಮನದಿಯ ಮೇಲಿನ ನಡಿಗೆ ಪಾಲಿಸಿಯೊಳಗೆ ಬರುತ್ತದಾ ಎಂದು ಏಜೆಂಟರನ್ನು ಬಾಯಿಮಾತಿನಲ್ಲಿ ಕೇಳಿ ಬಿಡಬೇಡಿ, ಕಾಗದದಲ್ಲಿ ತೋರಿಸಿ ಎನ್ನಿ.

ಕಾಲು, ಮಂಡಿ ತಯಾರಿ

ಎತ್ತರದ ಭಯ ಬಿಡಿ. ಹಿಮನದಿಯ ತುದಿ ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 2,000 ಮೀಟರ್ ಎತ್ತರದಲ್ಲಿದೆ. ನಮ್ಮ ಪಕ್ಕದ ಊಟಿ 2,240 ಮೀಟರ್. ಊಟಿಗೆ ಹೋಗಿ ಬಂದ ನೀವು ಆಗಲೇ ಅದಕ್ಕಿಂತ ಮೇಲೆ ನಿಂತು ಟೀ ಕುಡಿದಿದ್ದೀರಿ. ಹಾಗಾದರೆ ಊಟಿಯಲ್ಲಿ ಇಲ್ಲದ ಹಿಮ ಅಲ್ಲೇಕೆ? ಮೈಸೂರು ಇರುವುದು ಭೂಮಧ್ಯರೇಖೆಯಿಂದ 12 ಡಿಗ್ರಿ ಉತ್ತರಕ್ಕೆ, ಅದು 52 ಡಿಗ್ರಿಗೆ. ಚಳಿಗಾಲದಲ್ಲಿ ಬಿದ್ದ ಹಿಮ ಮೇಲಿನ ಬಯಲಿನಲ್ಲಿ ಬೇಸಿಗೆಯಲ್ಲೂ ಪೂರ್ತಿ ಕರಗುವುದಿಲ್ಲ. ವರ್ಷವರ್ಷದ ಪದರ ಒಂದರ ಮೇಲೊಂದು ಕೂತು, ತನ್ನ ಭಾರಕ್ಕೆ ತಾನೇ ಒತ್ತಿ ಗಟ್ಟಿ ಮಂಜುಗಡ್ಡೆಯಾಗಿ, ಇಳಿಜಾರಿನಲ್ಲಿ ನಿಧಾನಕ್ಕೆ ಜಾರುತ್ತದೆ. ಅದೇ ಹಿಮನದಿ.

ಕಷ್ಟ ಇರುವುದು ಮಂಡಿಗೆ. ಮಂಜುಗಡ್ಡೆಯ ಮೇಲೆ ಮೂರು ನಾಲ್ಕು ಗಂಟೆ ಏರುತ್ತಾ ಇಳಿಯುತ್ತಾ ನಡೆಯಬೇಕು. ಅದಕ್ಕೆ ಚಾಮುಂಡಿ ಬೆಟ್ಟಕ್ಕಿಂತ ಒಳ್ಳೆಯ ಸಾಧನೆಯ ಜಾಗ ನಮಗೆ ಬೇಕಿಲ್ಲ. ಹೊರಡುವ ಎರಡು ತಿಂಗಳ ಮೊದಲು ಶುರು ಮಾಡಿ, ವಾರಕ್ಕೆ ಎರಡು ಸಲ. ಮೊದಲ ವಾರಗಳಲ್ಲಿ ನಂದಿಯವರೆಗೆ ಸಾಕು, ಆಮೇಲೆ ಪೂರ್ತಿ. ಒಂದು ಮಾತು ಮಾತ್ರ ಮರೆಯಬೇಡಿ. ಬಹಳ ಜನ ಹತ್ತುತ್ತಾರೆ, ಮೇಲೆ ದರ್ಶನ ಮಾಡಿ ಬಸ್ಸಿನಲ್ಲಿ ಇಳಿದುಬಿಡುತ್ತಾರೆ. ನೀವು ಮೆಟ್ಟಿಲಲ್ಲೇ ಇಳಿಯಿರಿ. ತೊಡೆ, ಮಂಡಿ ಗಟ್ಟಿಯಾಗುವುದು ಇಳಿಯುವಾಗ. ಹಿಮದ ಮೇಲೆ ಕಾಲು ನಡುಗುವುದೂ ಇಳಿಯುವಾಗಲೇ.

ಮಂಡ್ಯ ಕಡೆಯವರಿಗೆ ಶ್ರೀರಂಗಪಟ್ಟಣದ ಹತ್ತಿರದ ಕರಿಘಟ್ಟ ಇದೆ, ಮೇಲುಕೋಟೆಯ ಯೋಗನರಸಿಂಹಸ್ವಾಮಿ ಬೆಟ್ಟ ಇದೆ. ಪಾಂಡವಪುರದ ಕುಂತಿ ಬೆಟ್ಟ ಇನ್ನೂ ಒಳ್ಳೆಯದು. ಅಲ್ಲಿ ಬಂಡೆಯ ಮೇಲೆ ಕಾಲಿಡುವ ಜಾಗ ನೋಡಿ ನೋಡಿ ನಡೆಯಬೇಕು, ಹಿಮನದಿಯಲ್ಲೂ ಅದೇ ಅಭ್ಯಾಸ ಬೇಕು. ಬೆನ್ನಿಗೆ ನಾಲ್ಕು ಕೆಜಿ ತೂಕದ ಬ್ಯಾಗ್ ಇರಲಿ. ಕೊಳ್ಳುವ ಬೂಟನ್ನೂ ಇಲ್ಲೇ ಹಾಕಿ ಪಳಗಿಸಿ. ಹೊಸ ಬೂಟಿನಲ್ಲಿ ನೇರ ಅಲ್ಲಿಗೆ ಹೋದರೆ ಹಿಮ್ಮಡಿಯ ಬೊಕ್ಕೆ ಇಡೀ ಪ್ರವಾಸ ಕೆಡಿಸುತ್ತದೆ. ಅರವತ್ತು ದಾಟಿದವರು, ಬಿಪಿ, ಹೃದಯ, ಮಂಡಿ ತೊಂದರೆ ಇರುವವರು ಡಾಕ್ಟರನ್ನು ಕೇಳಿಯೇ ತೀರ್ಮಾನ ಮಾಡಿ.

ಬಟ್ಟೆ

ಜೀನ್ಸ್ ಬೇಡ. ಹತ್ತಿ ಬಟ್ಟೆ ಒದ್ದೆಯಾದರೆ ಬೇಗ ಒಣಗುವುದಿಲ್ಲ, ಮೈಯ ಶಾಖವನ್ನೆಲ್ಲ ಎಳೆದುಕೊಳ್ಳುತ್ತದೆ. ಒಂದು ದಪ್ಪ ಕೋಟಿಗಿಂತ ಮೂರು ಪದರ ಒಳ್ಳೆಯದು. ಒಳಗೆ ಥರ್ಮಲ್, ಮಧ್ಯೆ ಉಣ್ಣೆಯ ಸ್ವೆಟರ್ ಅಥವಾ ಫ್ಲೀಸ್, ಮೇಲೆ ಗಾಳಿ ಮಳೆ ತಡೆಯುವ ಜಾಕೆಟ್. ಉಣ್ಣೆ ಸಾಕ್ಸ್, ಟೋಪಿ, ಗ್ಲೌಸ್, ಕಪ್ಪು ಕನ್ನಡಕ, ಸನ್‌ಸ್ಕ್ರೀನ್ ಬೇಕೇ ಬೇಕು. ಮಂಜುಗಡ್ಡೆಯಿಂದ ಬಿಸಿಲು ಮತ್ತೆ ಮುಖಕ್ಕೆ ಹೊಡೆಯುತ್ತದೆ. ಸೀರೆ, ದುಪಟ್ಟಾ, ಅಗಲ ಪೈಜಾಮ ಹಿಮದ ದಿನ ಪೆಟ್ಟಿಗೆಯಲ್ಲೇ ಇರಲಿ. ಕಾರಣ ಮುಂದೆ ಹೇಳುತ್ತೇನೆ.

ಅಲ್ಲಿ ಇಳಿದ ಮೇಲೆ

ಹತ್ತಿರದ ದೊಡ್ಡ ವಿಮಾನ ನಿಲ್ದಾಣ ಕ್ಯಾಲ್ಗರಿ ನಗರದ್ದು. ಬೇಸಿಗೆಯಲ್ಲಿ ಅಲ್ಲಿನ ಗಡಿಯಾರ ನಮಗಿಂತ ಹನ್ನೊಂದೂವರೆ ಗಂಟೆ ಹಿಂದೆ. ಹಗಲು ರಾತ್ರಿ ಅದಲುಬದಲು. ಇಳಿದ ದಿನ ಯಾವ ಕಾರಣಕ್ಕೂ ಸ್ಟೀರಿಂಗ್ ಹಿಡಿಯಬೇಡಿ. ಒಂದು ರಾತ್ರಿ ನಿದ್ದೆ ಮಾಡಿ, ಮಾರನೆಯ ದಿನ ಉದ್ಯಾನದೊಳಗಿನ ಬ್ಯಾನ್ಫ್ ಪಟ್ಟಣಕ್ಕೆ ಹೊರಡಿ. ಒಂದೂವರೆ ಗಂಟೆ ದಾರಿ.

ಅಲ್ಲಿ ಗಾಡಿ ರಸ್ತೆಯ ಬಲಕ್ಕೆ ಓಡುತ್ತದೆ, ಡ್ರೈವರ್ ಎಡಕ್ಕೆ ಕೂರುತ್ತಾನೆ. ನೇರ ರಸ್ತೆಯಲ್ಲಿ ಕಷ್ಟವಿಲ್ಲ. ಪಾರ್ಕಿಂಗಿನಿಂದ ಹೊರಗೆ ಬರುವಾಗ, ತಿರುವಿನಲ್ಲಿ, ಖಾಲಿ ರಸ್ತೆಯಲ್ಲಿ ಕೈ ತಾನಾಗಿ ಎಡಕ್ಕೆ ಎಳೆಯುತ್ತದೆ. ರಸ್ತೆಯ ಮಧ್ಯದ ಗೆರೆ ಯಾವಾಗಲೂ ಡ್ರೈವರ್ ಪಕ್ಕದಲ್ಲಿರಬೇಕು ಎಂದು ನೆನಪಿಡಿ. ಪಕ್ಕದ ಸೀಟಿನವರು ಪ್ರತಿ ತಿರುವಿನಲ್ಲೂ "ಬಲಕ್ಕೆ, ಬಲಕ್ಕೆ" ಅನ್ನಲಿ, ತಪ್ಪೇನಿಲ್ಲ. ಸ್ಟಾಪ್ ಬೋರ್ಡ್ ಇದ್ದಲ್ಲಿ ಯಾರೂ ಇಲ್ಲದಿದ್ದರೂ ಚಕ್ರ ಪೂರ್ತಿ ನಿಲ್ಲಬೇಕು.

ಉದ್ಯಾನಕ್ಕೆ ಅದನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಪಾರ್ಕ್ಸ್ ಕೆನಡಾದ ಪಾಸ್ ಬೇಕು. ಒಂದು ಕಾರಿನಲ್ಲಿ ಏಳು ಜನರವರೆಗೆ ಒಂದೇ ಫ್ಯಾಮಿಲಿ ಪಾಸ್ ನಡೆಯುತ್ತದೆ.

ಬಂಡೀಪುರದ ಪಾಠ ಅಲ್ಲೂ ನಡೆಯುತ್ತದೆ

ಪ್ರಾಣಿ ನೋಡುವ ವಿಷಯಕ್ಕೆ ಬರೋಣ. ನನಗೆ ಬಹಳ ಮುಖ್ಯ ಅನ್ನಿಸುವ ಭಾಗ ಇದು.

ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಲ್ಲಿಸಿದ್ದು 2009ರಲ್ಲಿ. ಎಷ್ಟು ತಕರಾರು ಬಂದರೂ ಅದು ಉಳಿದುಕೊಂಡಿದೆ, ಉಳಿಯಲೇಬೇಕು. ಬ್ಯಾನ್ಫ್‌ನಲ್ಲೂ ಇದೇ ರೀತಿಯ ನಿಯಮವಿದೆ. ಬೋ ವ್ಯಾಲಿ ಪಾರ್ಕ್‌ವೇ ಎಂಬ ಹಳೆಯ ರಸ್ತೆಯ ಪೂರ್ವದ ತುಂಡಿನಲ್ಲಿ ಮಾರ್ಚ್ 1ರಿಂದ ಜೂನ್ 25ರವರೆಗೆ ರಾತ್ರಿ 8ರಿಂದ ಬೆಳಗ್ಗೆ 8ರವರೆಗೆ ಗಾಡಿ ಬಿಡುವುದಿಲ್ಲ. ಗೋಪಾಲಸ್ವಾಮಿ ಬೆಟ್ಟಕ್ಕೆ ನಮ್ಮ ಕಾರು ಬುಡದಲ್ಲೇ ಬಿಟ್ಟು ಸರ್ಕಾರಿ ಬಸ್ಸಿನಲ್ಲಿ ಹೋಗುತ್ತೇವಲ್ಲ, ಹಾಗೇ ಅಲ್ಲಿನ ಹೆಸರಾಂತ ಮೊರೇನ್ ಸರೋವರಕ್ಕೆ 2023ರಿಂದ ಖಾಸಗಿ ಕಾರು ಬಿಡುವುದಿಲ್ಲ. ಬಸ್ಸಿನ ಸೀಟು ಮೊದಲೇ ಬುಕ್ ಮಾಡಬೇಕು.

ಬ್ಯಾನ್ಫ್ ಒಳಗಿನ ದೊಡ್ಡ ಹೆದ್ದಾರಿಯಲ್ಲಿ ಹೋಗುವಾಗ ತಲೆ ಎತ್ತಿ ನೋಡಿ. ರಸ್ತೆಯ ಮೇಲೆ ಅಡ್ಡಲಾಗಿ ಸೇತುವೆಗಳಿವೆ, ಮೇಲೆ ಮರಗಿಡ ಬೆಳೆದಿದೆ. ಅವು ಪ್ರಾಣಿಗಳು ದಾಟಲು ಕಟ್ಟಿದವು. ಉದ್ದಕ್ಕೂ ಎರಡೂ ಬದಿ ಬೇಲಿ, ಮೇಲೆ 6 ಸೇತುವೆ, ರಸ್ತೆ ಅಡಿಯಲ್ಲಿ 38 ದಾರಿ. ಇವು ಬಂದ ಮೇಲೆ ಗಾಡಿಗೆ ಪ್ರಾಣಿ ಬಡಿದು ಸಾಯುವುದು ಶೇಕಡಾ 80ಕ್ಕೂ ಹೆಚ್ಚು ಇಳಿದಿದೆ. ಆನೆ ದಾಟುವ ನಮ್ಮ ರಸ್ತೆಗಳನ್ನು ನೆನೆದರೆ ಇಲ್ಲಿಗೂ ಇಂಥದ್ದು ಬೇಕು ಅನ್ನಿಸದೆ ಇರುವುದಿಲ್ಲ.

ಐಸ್‌ಫೀಲ್ಡ್ಸ್ ಪಾರ್ಕ್‌ವೇಯಲ್ಲಿ ಆ ಬೇಲಿ ಇಲ್ಲ. ಪ್ರಾಣಿ ಯಾವ ತಿರುವಿನಲ್ಲಾದರೂ ರಸ್ತೆಗೆ ಬರಬಹುದು. ವೇಗದ ಮಿತಿ 90, ಅದಕ್ಕಿಂತ ಕಡಿಮೆಯಲ್ಲೇ ಹೋಗಿ.

ಏನೇನು ಕಾಣುತ್ತದೆ? ಎಲ್ಕ್ ಎಂಬ ದೊಡ್ಡ ಜಿಂಕೆ ಸುಲಭವಾಗಿ ಸಿಗುತ್ತದೆ. ನೋಡಿದ ಕೂಡಲೇ ನಮ್ಮವರು "ಕಡವೆ ಅಲ್ವಾ ಅದು?" ಅನ್ನುತ್ತಾರೆ. ಹೋಲಿಕೆ ಇದೆ, ಆದರೆ ಹಿಂಭಾಗ ತಿಳಿ ಬಣ್ಣ, ಗಂಡಿನ ಕೊಂಬು ಇನ್ನೂ ದೊಡ್ಡದು. ಸೆಪ್ಟೆಂಬರಿನಲ್ಲಿ ಗಂಡು ಎಲ್ಕ್ ಕೂಗುವುದನ್ನು ಕೇಳಬೇಕು. ಅಷ್ಟು ದೊಡ್ಡ ಪ್ರಾಣಿಯಿಂದ ಸಿಳ್ಳೆಯಂಥ ಸಣ್ಣ ದನಿ ಹೊರಡುತ್ತದೆ. ಆಗ ಅದು ಸಿಟ್ಟಿನಲ್ಲಿರುತ್ತದೆ, ದೂರವೇ ಇರಿ. ಜೂನಿನಲ್ಲಿ ಮರಿ ಹಾಕಿದ ಹೆಣ್ಣೂ ಅಷ್ಟೇ ಅಪಾಯ. ಸುರುಳಿ ಕೊಂಬಿನ ಬಿಗ್‌ಹಾರ್ನ್ ಕುರಿಗಳು ಚಳಿಗಾಲದಲ್ಲಿ ರಸ್ತೆಗೆ ಹಾಕಿದ ಉಪ್ಪಿನ ಆಸೆಗೆ ರಸ್ತೆಗೇ ಬರುತ್ತವೆ. ಹಿಮನದಿಯ ಸುತ್ತಮುತ್ತಲ ಇಳಿಜಾರಿನಲ್ಲಿ ಹುಡುಕಿ. ಜಾಸ್ಪರ್ ಸಮೀಪಿಸುವಾಗ ಗೋಟ್ಸ್ ಅಂಡ್ ಗ್ಲೇಸಿಯರ್ಸ್ ಎಂಬ ನಿಲುಗಡೆ ಬರುತ್ತದೆ. ಕೆಳಗಿನ ಮಣ್ಣಿನಲ್ಲಿರುವ ಖನಿಜ ನೆಕ್ಕಲು ಬಿಳಿ ಬೆಟ್ಟಮೇಕೆಗಳು ಬರುವ ಜಾಗ ಅದು.

ಕರಡಿ ಎರಡು ಬಗೆ, ಕಪ್ಪು ಕರಡಿ ಮತ್ತು ಗ್ರಿಜ್ಲಿ. ಬಣ್ಣ ನೋಡಿ ಗುರುತಿಸಬೇಡಿ, ಕಪ್ಪು ಕರಡಿ ಕಂದು ಬಣ್ಣದ್ದೂ ಇರುತ್ತದೆ. ಹೆಗಲ ಮೇಲೆ ಡುಬ್ಬ ಇದ್ದರೆ ಗ್ರಿಜ್ಲಿ.

ಹೊತ್ತು ಮುಖ್ಯ. ನಮ್ಮ ಸಫಾರಿಯ ಹಾಗೇ ಬೆಳಗಿನ ಜಾವ ಮತ್ತು ಸಂಜೆ. ಜುಲೈನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆ ದಾಟಿದ ಮೇಲೆ, ಹಾಗಾಗಿ ಊಟ ಮುಗಿಸಿ ಎಂಟಕ್ಕೆ ಹೊರಟರೂ ಬೆಳಕು ಬೇಕಾದಷ್ಟಿರುತ್ತದೆ.

ಪ್ರಾಣಿ ಕಂಡರೆ ಏನು ಮಾಡಬೇಕು? ವೇಗ ಇಳಿಸಿ. ರಸ್ತೆ ಬದಿ ಅಗಲವಾಗಿದ್ದು ಸುರಕ್ಷಿತ ಅನ್ನಿಸಿದರೆ ಮಾತ್ರ ಪಕ್ಕಕ್ಕೆ ಹಾಕಿ, ಹಜಾರ್ಡ್ ಲೈಟ್ ಬೆಳಗಿಸಿ. ಕಾರಿನಿಂದ ಇಳಿಯಬೇಡಿ. ಒಂದೆರಡು ನಿಮಿಷ ನೋಡಿ ಮುಂದೆ ಹೋಗಿ. ಕರಡಿ, ತೋಳದಿಂದ 100 ಮೀಟರ್ ದೂರ ಇರಬೇಕು, ಅಂದರೆ ಹತ್ತು ಸಾರಿಗೆ ಬಸ್ಸು ಸಾಲಾಗಿ ನಿಲ್ಲಿಸಿದಷ್ಟು. ಎಲ್ಕ್, ಕುರಿ, ಮೇಕೆಯಿಂದ 30 ಮೀಟರ್. ತಿನ್ನಲು ಕೊಟ್ಟರೆ 25,000 ಡಾಲರ್‌ವರೆಗೆ ದಂಡ ಬೀಳಬಹುದು. ದಂಡಕ್ಕಿಂತ ದೊಡ್ಡ ವಿಷಯ ಇನ್ನೊಂದು. ಮನುಷ್ಯರ ತಿಂಡಿಯ ರುಚಿ ಹತ್ತಿದ ಕರಡಿಯನ್ನು ಕೊನೆಗೆ ಕೊಲ್ಲಬೇಕಾಗುತ್ತದೆ. ಬಂಡೀಪುರದಲ್ಲಿ ಕೋತಿಗೆ ಬಾಳೆಹಣ್ಣು ಎಸೆಯುವವರು ಇದನ್ನು ಇಲ್ಲಿಂದಲೇ ಬಿಡಬೇಕು.

ಕಾಡಿನ ಕಾಲುದಾರಿಯಲ್ಲಿ ನಡೆಯುವಾಗ ಗುಂಪಾಗಿ, ಜೋರಾಗಿ ಮಾತಾಡಿಕೊಂಡು ಹೋಗಿ. ದನಿ ಕೇಳಿದರೆ ಕರಡಿ ತಾನೇ ಸರಿದುಹೋಗುತ್ತದೆ. ಮೈಮೇಲೆ ಬರುವ ಕರಡಿಯತ್ತ ಎರಚುವ ಖಾರದ ಬೇರ್ ಸ್ಪ್ರೇ ವಿಮಾನದಲ್ಲಿ ಒಯ್ಯುವಂತಿಲ್ಲ, ಅಲ್ಲೇ ಕೊಳ್ಳಿ ಅಥವಾ ಬಾಡಿಗೆಗೆ ತೆಗೆದುಕೊಳ್ಳಿ. ಬ್ಯಾಗಿನೊಳಗೆ ಹಾಕಬೇಡಿ, ಸೊಂಟಕ್ಕೆ ಕಟ್ಟಿಕೊಳ್ಳಿ. ಎದುರಾದರೆ ಓಡಬೇಡಿ. ಮೆಲ್ಲಗೆ ಮಾತಾಡುತ್ತಾ ಹಿಂದೆ ಸರಿಯಿರಿ.

ಬುತ್ತಿ

230 ಕಿಲೋಮೀಟರಿನಲ್ಲಿ ನಮ್ಮ ನಾಲಿಗೆಗೆ ಹಿಡಿಸುವ ಊಟ ಸಿಗುವುದು ಕಷ್ಟ. ಹುರಿದ ಅವಲಕ್ಕಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಕೋಡುಬಳೆ ಇದ್ದರೆ ನೆಮ್ಮದಿ. ಇಲ್ಲಿಂದ ಒಯ್ಯುವ ತಿಂಡಿಯನ್ನೆಲ್ಲ ಕಸ್ಟಮ್ಸ್‌ನಲ್ಲಿ ಹೇಳಿಬಿಡಿ. ಮುಚ್ಚಿಟ್ಟರೆ ತೊಂದರೆ. ತಾಜಾ ಹಣ್ಣು, ಕರಿಬೇವು ಒಯ್ಯಲೇಬೇಡಿ. ಕಾಡಿನಲ್ಲಿ ಊಟದ ಡಬ್ಬಿಯನ್ನು ಮೇಜಿನ ಮೇಲೆ ಬಿಟ್ಟು ಅತ್ತಿತ್ತ ಹೋಗುವಂತಿಲ್ಲ. ಒಗ್ಗರಣೆಯ ವಾಸನೆ ಕರಡಿಯ ಮೂಗಿಗೆ ಬಹಳ ದೂರದಿಂದ ತಿಳಿಯುತ್ತದೆ. ಕಸವನ್ನು ಅಲ್ಲಿನ ಕರಡಿ ತೆರೆಯಲಾಗದ ಕಬ್ಬಿಣದ ತೊಟ್ಟಿಗೇ ಹಾಕಿ.

ರಸ್ತೆಯ ದಿನ

ಲೇಕ್ ಲೂಯೀಸ್‌ನಲ್ಲಿ ಟ್ಯಾಂಕ್ ತುಂಬಿಸಿ. ನಡುವೆ ಪೆಟ್ರೋಲ್ ಸಿಗುವುದು ಸಸ್ಕ್ಯಾಚೆವಾನ್ ಕ್ರಾಸಿಂಗ್ ಎಂಬ ಒಂದೇ ಕಡೆ, ಅದೂ ಬೇಸಿಗೆಯ ತಿಂಗಳುಗಳಲ್ಲಿ. ದಾರಿಯ ಬಹುಪಾಲು ಮೊಬೈಲ್ ಸಿಗ್ನಲ್ ಇಲ್ಲ. ಮ್ಯಾಪನ್ನು ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ರಸ್ತೆಯ ಸ್ಥಿತಿ ತಿಳಿಯಲು 511 ಆಲ್ಬರ್ಟಾ ಎಂಬ ವೆಬ್‌ಸೈಟ್ ನೋಡಿ, ತುರ್ತಿಗೆ 911.

ಒಂದೇ ದಿನದಲ್ಲಿ ಹೋಗಿ ಬರುವ ಯೋಜನೆ ಬೇಡ. ಹೋಗಲು ಒಂದು ದಿನ, ಹಿಮನದಿಗೆ ಒಂದು ದಿನ, ಬರಲು ಒಂದು ದಿನ. ಎಲ್ಲ ನಿಲುಗಡೆಯಲ್ಲೂ ಇಳಿಯುವ ಆಸೆ ಬಿಡಿ. ನಾನು ಆರಿಸುವುದು ಇವನ್ನು: ಬೋ ಸರೋವರ, ಅದಾದ ಕೂಡಲೇ ರಸ್ತೆಯ ಅತಿ ಎತ್ತರದ ಬೋ ಸಮಿಟ್ ಬಳಿ ಪೇಟೋ ಸರೋವರ, ಹಿಮನದಿ, ಕೊನೆಗೆ ಜಾಸ್ಪರ್‌ಗೆ 30 ಕಿಲೋಮೀಟರ್ ಇರುವಾಗ ಅಥಾಬಾಸ್ಕಾ ಜಲಪಾತ. ಪೇಟೋದ ಬಣ್ಣಕ್ಕೆ ಕಾರಣ ಹಿಮನದಿಯೇ. ಮಂಜುಗಡ್ಡೆ ಬಂಡೆಯನ್ನು ಉಜ್ಜಿ ನುಣ್ಣನೆ ಪುಡಿ ಮಾಡುತ್ತದೆ. ಆ ಪುಡಿ ನೀರಿನಲ್ಲಿ ತೇಲುತ್ತಾ ನೀಲಿ ಹಸಿರು ಬೆಳಕನ್ನು ಚೆದುರಿಸುತ್ತದೆ.

ಹಿಮದ ಮೇಲೆ ಕಾಲಿಡುವ ಮೊದಲು

ಲೇಕ್ ಲೂಯೀಸ್‌ನಿಂದ ಸುಮಾರು 127 ಕಿಲೋಮೀಟರ್ ಹೋದರೆ ಎಡಕ್ಕೆ ಅಥಾಬಾಸ್ಕಾ ಹಿಮನದಿ. ಆರು ಕಿಲೋಮೀಟರ್ ಉದ್ದ, ಒಂದು ಕಿಲೋಮೀಟರ್ ಅಗಲ. ಇದು ಮೇಲಿರುವ ಕೊಲಂಬಿಯಾ ಐಸ್‌ಫೀಲ್ಡ್ ಎಂಬ ದೊಡ್ಡ ಹಿಮದ ಬಯಲಿನಿಂದ ಇಳಿದು ಬರುತ್ತದೆ. ಆ ಬಯಲಿನ ನೀರು ಮೂರು ಕಡೆ ಹರಿದು ಆರ್ಕ್ಟಿಕ್, ಅಟ್ಲಾಂಟಿಕ್, ಪೆಸಿಫಿಕ್ ಮೂರೂ ಸಾಗರ ಸೇರುತ್ತದೆ. ಕೊಡಗಿನ ಬೆಟ್ಟದ ಮಳೆ ಒಂದು ಕಡೆ ಅರಬ್ಬಿ ಸಮುದ್ರಕ್ಕೂ ಇನ್ನೊಂದು ಕಡೆ ಕಾವೇರಿಯಾಗಿ ಬಂಗಾಳಕೊಲ್ಲಿಗೂ ಹೋಗುವುದನ್ನು ಬಲ್ಲ ನಮಗೆ ಇದು ಬೇಗ ಅರ್ಥವಾಗುತ್ತದೆ.

ಪಾರ್ಕಿಂಗಿನಿಂದ ಹಿಮದ ತುದಿಯ ಕಡೆಗೆ ನಡೆಯುವ ಕಾಲುದಾರಿ ಇದೆ. ಯಾವ ವರ್ಷ ಹಿಮ ಎಲ್ಲಿಯವರೆಗೆ ಇತ್ತು ಎಂದು ವರ್ಷ ಬರೆದ ಫಲಕಗಳನ್ನು ಅಲ್ಲಲ್ಲಿ ನಿಲ್ಲಿಸಿದ್ದಾರೆ. ನೀವು ಶಾಲೆಗೆ ಹೋಗುತ್ತಿದ್ದ ಕಾಲದ, ನಿಮ್ಮ ಮದುವೆಯ ಕಾಲದ ಹಿಮದ ಅಂಚು ಈಗ ಬರೀ ಕಲ್ಲುಗುಂಡು. 1844ರಿಂದ ಈಚೆಗೆ ಹಿಮನದಿ ಒಂದೂವರೆ ಕಿಲೋಮೀಟರಿಗೂ ಜಾಸ್ತಿ ಹಿಂದೆ ಸರಿದಿದೆ. ಮಕ್ಕಳನ್ನು ಈ ದಾರಿಯಲ್ಲಿ ನಡೆಸಿ, ಫಲಕಗಳನ್ನು ಓದಿಸಿ. ಭೂಮಿ ಬಿಸಿಯಾಗುವುದು ಅಂದರೇನು ಎಂದು ಪಾಠದಲ್ಲಿ ಹೇಳಿದ್ದಕ್ಕಿಂತ ಚೆನ್ನಾಗಿ ತಿಳಿಯುತ್ತದೆ.

ದಾರಿ ಮುಗಿಯುವಲ್ಲಿ ಹಗ್ಗ, ಎಚ್ಚರಿಕೆ ಬೋರ್ಡು ಇರುತ್ತದೆ. ಅದನ್ನು ದಾಟಿ ನೀವಾಗಿಯೇ ಹಿಮದ ಮೇಲೆ ಹೋಗಬೇಡಿ. ಒಂದು ಫೋಟೋಗೆ ಕೂಡ ಬೇಡ. ಮೇಲೆ ಗಟ್ಟಿಯಾಗಿ ಕಾಣುವ ಹಿಮದ ತೆಳು ಪದರದಡಿ ಆಳವಾದ ಬಿರುಕು ಇರುತ್ತದೆ. ಅದರಲ್ಲಿ ಬಿದ್ದು, ಎತ್ತುವಷ್ಟರಲ್ಲಿ ಮೈ ತಣ್ಣಗಾಗಿ ಸತ್ತವರಿದ್ದಾರೆ, ಮಕ್ಕಳೂ ಇದ್ದಾರೆ.

ಹೋಗಬೇಕಾದದ್ದು ಪರವಾನಗಿ ಇರುವ ಗೈಡ್ ಜೊತೆ. ಅರ್ಧ ದಿನದ್ದು, ಪೂರ್ತಿ ದಿನದ್ದು ಎರಡೂ ಇವೆ. ಮೊದಲ ಸಲಕ್ಕೆ ಅರ್ಧ ದಿನ ಸಾಕು. ಬೇಸಿಗೆಯಲ್ಲಿ ಜಾಗ ಬೇಗ ತುಂಬುತ್ತದೆ, ಊರಿನಿಂದಲೇ ಬುಕ್ ಮಾಡಿ. ಮಕ್ಕಳಿಗೆ ಎಷ್ಟು ವಯಸ್ಸಾಗಿರಬೇಕು ಎಂದು ಆಗಲೇ ಕೇಳಿಕೊಳ್ಳಿ. ನಡೆಯಲಾಗದ ಹಿರಿಯರಿಗೆ ದೊಡ್ಡ ಚಕ್ರದ ಬಸ್ಸು ಹಿಮದ ಮೇಲೆ ಕರೆದುಕೊಂಡು ಹೋಗುತ್ತದೆ. ಅಜ್ಜ ಅಜ್ಜಿ ಅದರಲ್ಲಿ, ಉಳಿದವರು ನಡೆದು. ಹೀಗೆ ಮನೆಯವರೆಲ್ಲ ಅದೇ ದಿನ ಹಿಮದ ಮೇಲೆ ನಿಲ್ಲಬಹುದು.

ಬೂಟಿನ ಅಡಿಗೆ ಕ್ರ್ಯಾಂಪಾನ್ ಎಂಬ ಉಕ್ಕಿನ ಮುಳ್ಳಿನ ಪಟ್ಟಿ ಕಟ್ಟುತ್ತಾರೆ. ಅದರಲ್ಲಿ ನಡೆಯುವ ರೀತಿ ಬೇರೆ. ಕಾಲುಗಳ ನಡುವೆ ಸ್ವಲ್ಪ ಜಾಸ್ತಿ ಅಂತರ ಇರಲಿ. ಪಾದ ಎಳೆಯದೆ ಎತ್ತಿ, ಎಲ್ಲ ಮುಳ್ಳೂ ಒಟ್ಟಿಗೆ ಊರುವ ಹಾಗೆ ಚಪ್ಪಟೆಯಾಗಿ ಇಡಿ. ಇಳಿಯುವಾಗ ಮಂಡಿ ಬಗ್ಗಿಸಿ, ಹಿಂದಕ್ಕೆ ವಾಲಬೇಡಿ. ಸಡಿಲ ಬಟ್ಟೆ ಬೇಡ ಎಂದಿದ್ದು ಇದಕ್ಕೇ. ಒಂದು ಕಾಲಿನ ಮುಳ್ಳು ಇನ್ನೊಂದು ಕಾಲಿನ ಪೈಜಾಮಕ್ಕೆ ಸಿಕ್ಕರೆ ಮುಗ್ಗರಿಸುವುದು ಖಂಡಿತ. ಬಿಸಿಲಿದ್ದರೂ ಗ್ಲೌಸ್ ತೆಗೆಯಬೇಡಿ, ಕರಗಿ ಗಟ್ಟಿಯಾದ ಹಿಮ ಚೂಪಾಗಿರುತ್ತದೆ, ಬಿದ್ದರೆ ಅಂಗೈ ತರಚುತ್ತದೆ.

ಮೇಲೆ ಹೋದಾಗ ದೂರದ ಶಿಖರ ಮಾತ್ರ ನೋಡುತ್ತಾ ನಿಲ್ಲಬೇಡಿ, ಕಾಲಬುಡವನ್ನೂ ನೋಡಿ. ಅಲ್ಲಲ್ಲಿ ಬೆರಳು ಹೋಗುವಷ್ಟು ಸಣ್ಣ ತೂತುಗಳಿರುತ್ತವೆ, ಒಳಗೆ ತಿಳಿನೀರು, ತಳದಲ್ಲಿ ಒಂದು ಚಿಟಿಕೆ ಕಪ್ಪು ಧೂಳು. ಗಾಳಿ ತಂದು ಹಾಕಿದ ಧೂಳು ಬಿಸಿಲು ಹೀರಿ, ತನ್ನಡಿಯ ಹಿಮ ಕರಗಿಸಿ, ತಾನೇ ಕೆಳಗಿಳಿದು ಮಾಡಿಕೊಂಡ ಬಾವಿ ಅದು. ಇನ್ನೊಂದು ಕಡೆ ತೊರೆಯೊಂದು ಹರಿಯುತ್ತಾ ಬಂದು ನೀಲಿ ಗುಂಡಿಯೊಳಗೆ ಧುಮುಕಿ ಕಾಣೆಯಾಗುತ್ತದೆ. ಗೈಡ್ ನಿಲ್ಲಿ ಎಂದ ಜಾಗದಿಂದ ಒಂದು ಹೆಜ್ಜೆಯೂ ಮುಂದೆ ಬೇಡ. ಮೇಲಿನ ಹಿಮದ ಬಯಲಿನಿಂದ ತಣ್ಣನೆ ಗಾಳಿ ಸದಾ ಇಳಿದು ಬರುತ್ತಿರುತ್ತದೆ, ನಿಂತ ಕೂಡಲೇ ಮೈ ತಣ್ಣಗಾಗುತ್ತದೆ. ನಿಂತಾಗ ಜಾಕೆಟ್ ಹಾಕಿ, ನಡೆಯುವಾಗ ಬಿಚ್ಚಿ. ನೀರು ಕುಡಿಯುತ್ತಿರಿ.

ಹವಾಮಾನ ಕೆಟ್ಟು ನಡಿಗೆ ರದ್ದಾದರೆ

ಬೆಟ್ಟದಲ್ಲಿ ಇದು ಆಗುತ್ತಿರುತ್ತದೆ. ಅದಕ್ಕೇ ಹಿಮನದಿಯ ದಿನವನ್ನು ಪ್ರವಾಸದ ಕೊನೆಗೆ ಇಡಬೇಡಿ, ಒಂದು ದಿನ ಕೈಯಲ್ಲಿ ಉಳಿಸಿಕೊಳ್ಳಿ. ಮಳೆ ಬಿಟ್ಟು ಮಧ್ಯಾಹ್ನ ಬಿಸಿಲು ಬಂದರೆ ಎರಡು ಕಾಲುದಾರಿಗಳು ಹತ್ತಿರದಲ್ಲೇ ಇವೆ. ಹಿಮನದಿಯ ಎದುರಿಗಿನ ವಿಲ್ಕಾಕ್ಸ್ ಪಾಸ್ ದಾರಿಯಲ್ಲಿ ಸ್ವಲ್ಪ ಹತ್ತಿದರೆ ಅಥಾಬಾಸ್ಕಾ ಪೂರ್ತಿ ಕಾಣುತ್ತದೆ, ಬಿಗ್‌ಹಾರ್ನ್ ಕುರಿಗಳೂ ಸಿಗುವ ಜಾಗ. ಬ್ಯಾನ್ಫ್ ಕಡೆಗೆ ಸ್ವಲ್ಪ ಹಿಂದೆ ಪಾರ್ಕರ್ ರಿಡ್ಜ್ ಇದೆ. ಚಾಮುಂಡಿ ಹತ್ತಿದವರಿಗೆ ಅದು ಕಷ್ಟವಲ್ಲ, ತುದಿಯಿಂದ ಸಸ್ಕ್ಯಾಚೆವಾನ್ ಹಿಮನದಿ ಉದ್ದಕ್ಕೂ ಕಾಣುತ್ತದೆ. ಅಲ್ಲಿ ದಾರಿ ಬಿಟ್ಟು ಅಡ್ಡಹಾದಿ ಹಿಡಿಯಬೇಡಿ. ಅಷ್ಟೆತ್ತರದ ಪುಟ್ಟ ಗಿಡಗಳು ಒಮ್ಮೆ ತುಳಿತಕ್ಕೆ ಸಿಕ್ಕರೆ ಚೇತರಿಸಿಕೊಳ್ಳಲು ಎಷ್ಟೋ ವರ್ಷ ಬೇಕು.